ಕೆಟ್ಟ ಬ್ಯಾಚಿಗೂ ಅದೇ ಗೆರೆ

ಆ ಬ್ಯಾಚ್ ಹಾಳಾಗಿದೆ ಅಂತ ನನಗೆ ಖಂಡಿತ ಗೊತ್ತಿತ್ತು. ಮಿಶ್ರಣ ಹದಕ್ಕೆ ಬರುವ ಮೊದಲೇ ಕರೆಂಟ್ ಹೋಗಿತ್ತು. ಯುಪಿಎಸ್ ಒಂದಿಷ್ಟು ಹೊತ್ತು ಕೂಗಿ ಸುಮ್ಮನಾಯಿತು, ಸ್ಟಿರರ್ ನಿಂತಿತು, ಬೀಕರಿನ ತಳದಲ್ಲಿ ಒಡೆದ ಮೊಸರಿನಂಥ ಗಸಿ ಕೂತಿತು. ಹಾಗಿದ್ದೂ ಕೆಲವು ದಿನ ಬಿಟ್ಟು ನಮ್ಮ ಅನಲಿಸ್ಟ್ ಹುಡುಗಿ ತಂದುಕೊಟ್ಟ ಗ್ರಾಫಿನಲ್ಲಿ ಮದ್ದು ದಿನಕ್ಕಿಷ್ಟು ಅಂತ ಅಳೆದು ಕೊಟ್ಟ ಹಾಗೆ ಹೊರಗೆ ಬಂದಿತ್ತು. ಸ್ಕೇಲ್ ಇಟ್ಟು ಎಳೆದ ಹಾಗೆ ನೇರ ಗೆರೆ. ಹಿಂದಿನ ತಿಂಗಳ ಒಳ್ಳೆ ಬ್ಯಾಚಿಗೂ ಅದೇ ಗೆರೆ ಬಂದಿತ್ತು. ಎರಡನ್ನೂ ಒಂದರ ಮೇಲೊಂದು ಇಟ್ಟು ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆ, ಮೈ ಉರಿದುಹೋಯಿತು.

ನನ್ನದು ಮೊದಲಿಂದಲೂ ಅನುಮಾನದ ಬುದ್ಧಿ. ಗ್ಯಾಸ್ ಆಫ್ ಮಾಡಿ, ಜೀವನ್ ಬಿಮಾ ನಗರದ ಬಸ್ ಸ್ಟಾಪಿನ ತನಕ ಬಂದು, ಮತ್ತೆ ಮನೆಗೆ ಹೋಗಿ ನೋಡಿಕೊಂಡು ಬರುವವಳು ನಾನು. ನಮ್ಮ ಮನೆಯವರು, "ನೀನು ಲ್ಯಾಬಿಗೆ ಬದಲು ಪೊಲೀಸ್ ಸ್ಟೇಷನ್‌ಗೆ ಸೇರ್ಬೇಕಿತ್ತು ಕಣೇ" ಅಂತ ರೇಗಿಸುತ್ತಾರೆ. ರೇಗಿಸಲಿ ಬಿಡಿ. ಕಣ ಕಟ್ಟುವ ಕೆಲಸದಲ್ಲಿ ಇಷ್ಟು ವರ್ಷ ಉಳಿದುಕೊಂಡಿದ್ದೇ ಈ ಬುದ್ಧಿಯಿಂದ.

ನಮ್ಮದು ಬೈಯಪ್ಪನಹಳ್ಳಿ ದಾಟಿ ಕೆ.ಆರ್. ಪುರದ ಕಡೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ, ಕೆಳಗೆ ಟೈಲ್ಸ್ ಗೋಡೌನು, ಮೇಲೆ ಲ್ಯಾಬು, ಅಂಥ ಪುಟ್ಟ ಕಂಪನಿ. ಮಾಡುವ ಪದಾರ್ಥವೂ ಪುಟ್ಟದೇ. ಕಣ್ಣಿಗೆ ಕಾಣದಷ್ಟು ಸಣ್ಣ ಪಾಲಿಮರ್ ಕಣಗಳು, ಅವುಗಳ ಮೈತುಂಬ ರಂಧ್ರ. ಆಪರೇಷನ್ನಿನಲ್ಲಿ ಹಾಕುವ, ತಾನೇ ಕರಗಿಹೋಗುವ ಹೊಲಿಗೆ ದಾರ ಇರುತ್ತದಲ್ಲ, ಹೆಚ್ಚುಕಮ್ಮಿ ಅದೇ ಜಾತಿಯ ಪಾಲಿಮರ್. ಅದನ್ನು ದ್ರಾವಕದಲ್ಲಿ ಕರಗಿಸಿ, ಅಮೋನಿಯಂ ಬೈಕಾರ್ಬೊನೇಟಿನ ನೀರು ಸೇರಿಸಿ, ಜೋರಾಗಿ ಕಡೆದರೆ ಒಳಗೆ ಗ್ಯಾಸ್ ಹುಟ್ಟಿ ಹೊರಗೆ ನುಗ್ಗುತ್ತದೆ. ಅದು ನುಗ್ಗಿದ ದಾರಿಯೇ ರಂಧ್ರ. ಕಾವಲಿ ಮೇಲೆ ಸೆಟ್ ದೋಸೆಗೆ ತೂತು ಬೀಳುತ್ತದಲ್ಲ, ಹಾಗೆ. ಆ ರಂಧ್ರಗಳಲ್ಲಿ ಮದ್ದು ತುಂಬುವುದು, ಮೈಯೊಳಗೆ ಹೋದ ಮೇಲೆ ಅದು ನಿಧಾನಕ್ಕೆ ಜಿನುಗುವಂತೆ ಮಾಡುವುದು, ಇದೇ ನಮ್ಮ ಹೊಟ್ಟೆಪಾಡು.

ನಾವು ತುಂಬುತ್ತಿದ್ದದ್ದು ಕೆಂಪು ಬಣ್ಣದ ಒಂದು ಕ್ಯಾನ್ಸರ್ ಮದ್ದು. ಗಡ್ಡೆಯನ್ನೂ ಸುಡುತ್ತದೆ, ಒಟ್ಟಿಗೆ ಹೆಚ್ಚು ಹೋದರೆ ಹೃದಯವನ್ನೂ ಸುಡುತ್ತದೆ. ಅದಕ್ಕೇ ನಿಧಾನಕ್ಕೆ ಜಿನುಗಬೇಕು. ಇನ್ನೆರಡು ವಾರದಲ್ಲಿ ಒಳ್ಳೆ ಬ್ಯಾಚು ಇನ್ನೊಂದು ಸಂಸ್ಥೆಯ ಪ್ರಾಣಿಶಾಲೆಗೆ ಹೋಗಬೇಕಿತ್ತು, ಇಲಿಗಳ ಮೇಲೆ ಪರೀಕ್ಷೆಗೆ. ಹಲವು ದಿನಕ್ಕೆ ಸಾಲುವ ಮದ್ದನ್ನು ಒಂದೇ ಚುಚ್ಚಿಗೆ ಕೊಡುವ ಲೆಕ್ಕ. ಆ ಲೆಕ್ಕ ನಿಂತಿದ್ದು ಈ ನೇರ ಗೆರೆಯ ಮೇಲೆ.

ಗೆರೆ ಎಳೆಯುತ್ತಿದ್ದವಳು ಕೊಪ್ಪಳದ ಕಡೆಯ ಹುಡುಗಿ. ಬೈಯಪ್ಪನಹಳ್ಳಿ ಮೆಟ್ರೋ ಹಿಂದೆ ಒಂದು ರೂಮು ಮಾಡಿಕೊಂಡಿದ್ದಳು. ಮಾತು ಕಮ್ಮಿ, ಕೆಲಸ ಅಚ್ಚುಕಟ್ಟು. ಮೊದಲ ನೌಕರಿ, ಇನ್ನೂ ಕಾಯಂ ಆಗಿರಲಿಲ್ಲ. ಅಷ್ಟು ಅಚ್ಚುಕಟ್ಟು ಇದ್ದದ್ದೇ ನನಗೆ ಈಗ ಬೇರೆ ಥರ ಕಾಣತೊಡಗಿತು. ಯಾವತ್ತೂ ಒಂದು ಬಿಂದು ಗೆರೆ ತಪ್ಪುವುದಿಲ್ಲ, ಯಾವತ್ತೂ "ಮೇಡಂ, ಇದ್ಯಾಕೋ ಸರಿ ಬಂದಿಲ್ಲ" ಅನ್ನುವುದಿಲ್ಲ. ಲ್ಯಾಬಿನಲ್ಲಿ ಹಾಗೆಲ್ಲ ಇರುತ್ತಾ? ಹಳೇ ನಂಬರುಗಳನ್ನೇ ಒಂಚೂರು ಆಚೀಚೆ ಮಾಡಿ ತಂದುಕೊಡುತ್ತಿದ್ದಾಳೆ ಅಂತ ನನಗೆ ಅನಿಸಿಬಿಟ್ಟಿತು.

ಮೊದಲು ಕೆಟ್ಟ ಬ್ಯಾಚನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಕಳಿಸಿದೆ. ಚಿತ್ರ ಬಂತು. ನಾನು ಅಂದುಕೊಂಡ ಹಾಗೇ ದಪ್ಪ ದಪ್ಪ ಮುದ್ದೆಗಳು, ನುಣ್ಣನೆ ಮೈ, ಹುಡುಕಿದರೂ ಒಂದು ರಂಧ್ರ ಇಲ್ಲ. ರಂಧ್ರವಿಲ್ಲದ ಮುದ್ದೆಯೂ ರಂಧ್ರವಿರುವ ಕಣವೂ ಒಂದೇ ವೇಗದಲ್ಲಿ ಮದ್ದು ಬಿಡುತ್ತವೆ ಅಂದರೆ ಯಾರು ನಂಬುತ್ತಾರೆ?

ಆಮೇಲೆ ಒಂದು ಬಲೆ ಹಾಕಿದೆ. ಮದ್ದನ್ನು ಬರೀ ನೀರಿನಲ್ಲಿ ಕರಗಿಸಿ, ನೋಡಲು ನಮ್ಮ ಮಾಲಿನ ಹಾಗೇ ಹಾಲುಹಾಲಾಗಿ ಕಾಣಲಿ ಅಂತ ಮದ್ದಿಲ್ಲದ ಖಾಲಿ ಕಣ ಸ್ವಲ್ಪ ಬೆರೆಸಿ, ಸೀಸೆಗೆ ಹೊಸ ಬ್ಯಾಚಿನ ನಂಬರು ಅಂಟಿಸಿ ಅವಳ ಕೈಗೆ ಕೊಟ್ಟೆ. ಇದರಲ್ಲಿ ಮದ್ದನ್ನು ಹಿಡಿದಿಟ್ಟುಕೊಳ್ಳುವಂಥದ್ದು ಏನೂ ಇಲ್ಲ. ಕಂಪನಿ ಶುರುವಾದ ಕಾಲಕ್ಕೆ ನಮ್ಮ ಸರ್ ಸ್ವತಃ ಇದೇ ಪರೀಕ್ಷೆ ಮಾಡಿ, ಬರೀ ಮದ್ದು ಮಧ್ಯಾಹ್ನದೊಳಗೆ ಪೂರ್ತಿ ಪರೀಕ್ಷೆಯ ಚೀಲದಿಂದ ಹೊರಗೆ ಬರುತ್ತದೆ ಅಂತ ತೋರಿಸಿದ್ದರು. ಪ್ರಾಮಾಣಿಕವಾಗಿ ಅಳೆದರೆ ಇವಳೂ ಅಂದೇ ಓಡಿ ಬಂದು ಹೇಳಬೇಕು.

ಬರಲಿಲ್ಲ. ಕೆಲವು ದಿನ ಕಳೆದು ಗ್ರಾಫ್ ಬಂತು. ಅದೇ ಗೆರೆ.

"ಚಲೋ ಬಂದೈತ್ರಿ ಮೇಡಂ ಈ ಬ್ಯಾಚು" ಅಂದಳು. ಮುಖದಲ್ಲಿ ಎಳ್ಳಷ್ಟೂ ಅಳುಕಿಲ್ಲ. ಎಷ್ಟು ಧೈರ್ಯ ಇವಳಿಗೆ ಅಂತ ನಾನು ದಂಗಾದೆ.

ಸೀದಾ ಸರ್ ರೂಮಿಗೆ ಹೋದೆ. ಸರ್ ರಿಟೈರ್ಡ್ ಪ್ರೊಫೆಸರು, ರಿಚರ್ಡ್ಸ್ ಟೌನಿನ ಹಳೇ ಮನೆಯವರು, ಸಂಶೋಧನೆಯ ಹುಚ್ಚಿಗೆ ಈ ವಯಸ್ಸಿನಲ್ಲಿ ಕಂಪನಿ ಕಟ್ಟಿದವರು. ಒಂದು ಟಿಶ್ಯೂ ಪೇಪರನ್ನು ಎರಡು ತುಂಡು ಮಾಡಿ ಬಳಸುವ ಮನುಷ್ಯ. ಮೈಕ್ರೋಸ್ಕೋಪ್ ಚಿತ್ರ, ಮೂರೂ ಗ್ರಾಫು ಮುಂದಿಟ್ಟು ನಡೆದದ್ದನ್ನೆಲ್ಲ ಹೇಳಿದೆ. ಕೇಳುತ್ತಾ ಕೇಳುತ್ತಾ ಅವರ ಮುಖ ಕೆಂಪಾಯಿತು.

"ಕಾಪಿ ಹೊಡೀತಿದಾಳಾ? ನನ್ ಲ್ಯಾಬಲ್ಲಾ?" ಅಂದರು. "ಸೋಮವಾರ ಕರೆದು ಮನೆಗೆ ಕಳಿಸ್ಬಿಡ್ತೀನಿ. ಯಾಕೆ ಅಂತ ಬರೆದೇ ಕಳಿಸ್ತೀನಿ."

ಯಾಕೆ ಅಂತ ಬರೆದು ಕಳಿಸಿದರೆ ಅವಳ ಕಥೆ ಮುಗಿದ ಹಾಗೆ. ಸುಳ್ಳು ಡೇಟಾ ಕೊಟ್ಟವಳು ಅಂತ ಒಂದು ಸಲ ಹೆಸರು ಬಂದರೆ ಈ ಊರಿನ ಯಾವ ಲ್ಯಾಬೂ ಒಳಗೆ ಸೇರಿಸುವುದಿಲ್ಲ. ನನಗೆ ಆ ಕ್ಷಣ ಅಯ್ಯೋ ಅನಿಸಲಿಲ್ಲ, ನಿಜ ಹೇಳುತ್ತೇನೆ. ನಾನು ಕೇಳಿದ್ದು ಬೇರೆ.

"ಹಾಗಾದ್ರೆ ಪ್ರಾಣಿಶಾಲೆಗೆ ಹೋಗೋ ಬ್ಯಾಚು ಸರ್? ಅದ್ರ ಡೇಟಾನೂ ಅವಳದೇ ಅಲ್ವಾ?"

"ಅದು ಸರಿ ಇದೆಯಮ್ಮ. ರಂಧ್ರ ಚೆನ್ನಾಗಿ ಬಂದಿರೋದು ನೀವೇ ನೋಡಿದೀರ. ಆಗ ಸರಿಯಾಗೇ ಅಳೆದಿದಾಳೆ, ಈಗೀಗ ಸೋಮಾರಿತನ. ಅವ್ರಿಗೆ ಡೇಟ್ ಕೊಟ್ಟಾಗಿದೆ, ಪೆಟ್ಟಿಗೆ ಹೋಗ್ಲೇಬೇಕು."

ಸರ್ ಹೇಳಿದ್ದು ನನ್ನ ತಲೆಗೆ ಹುಳ ಬಿಟ್ಟ ಹಾಗಾಯಿತು. ಸುಳ್ಳು ಹೇಳುವವಳು ಯಾವತ್ತಿನಿಂದ ಶುರು ಮಾಡಿದಳು ಅಂತ ಇವರಿಗೆ ಹೇಗೆ ಗೊತ್ತು? ನಮಗೆ ಬೇಕಾದ ಗೆರೆಯಾದರೆ ನಿಜ, ಬೇಡದ್ದಾದರೆ ಸುಳ್ಳಾ? ಆಗ ಸರ್ ಮೇಲೂ ಒಂಚೂರು ಅನುಮಾನ ಬಂತು. ಪೆಟ್ಟಿಗೆ ಹೊರಡಬೇಕಾದರೆ ಕಣ ತಯಾರಿಸಿದವಳ, ಅಂದರೆ ನನ್ನ, ಸಹಿ ಬೇಕು.

"ನಾನು ಸಹಿ ಹಾಕಲ್ಲ ಸರ್" ಅಂದೆ. "ಆ ಬ್ಯಾಚನ್ನ ನಾನೇ ಇನ್ನೊಂದ್ಸಲ ಅಳೀಬೇಕು. ಅಲ್ಲೀ ತನಕ ಹುಡುಗೀನೂ ಕಳಿಸ್ಬೇಡಿ, ಪೆಟ್ಟಿಗೇನೂ ಕಳಿಸ್ಬೇಡಿ."

"ನನ್ನ ಮೇಲೂ ಡೌಟಾ ನಿಮಗೆ?"

ನಾನು ಟೇಬಲ್ಲಿನ ಮೇಲಿನ ಗ್ರಾಫುಗಳನ್ನು ಎತ್ತಿಕೊಂಡು ಎದ್ದೆ. ಅದೇ ಉತ್ತರ ಅಂತ ಅವರಿಗೂ ಗೊತ್ತಾಯಿತು. ಆಮೇಲೆ ನನ್ನ ಜೊತೆ ಮಾತು ಬಿಟ್ಟರು, ಪ್ರಾಣಿಶಾಲೆಯವರಿಗೆ ಫೋನ್ ಮಾಡಿ ಒಂದು ವಾರ ತಡ ಅಂತ ಹೇಳಿದ್ದು ಮಾತ್ರ ಬಾಗಿಲಾಚೆಗೂ ಕೇಳುವಷ್ಟು ಜೋರಾಗಿತ್ತು.

ಗೋಡೆ ತೆಳು. ಹುಡುಗಿಗೂ ಎಲ್ಲ ಕೇಳಿಸಿತ್ತು. ನಾನು ಅವಳು ಅಳೆಯುವ ರೂಮಿಗೆ ಹೋದಾಗ ಗ್ಲೌಸ್ ತೆಗೆದಿಟ್ಟು ಕೈಕಟ್ಟಿ ನಿಂತಿದ್ದಳು. ಅಳುತ್ತಾಳೆ ಅಂದುಕೊಂಡಿದ್ದೆ, ಅಳಲಿಲ್ಲ.

"ನಾ ಏನೂ ಕಾಪಿ ಹೊಡದಿಲ್ರಿ ಮೇಡಂ. ಬಂದದ್ದು ಬಂದಂಗ ಬರದೀನ್ರಿ."

"ಹಾಗಾದ್ರೆ ಬರೀ ಮದ್ದು ಅದೆಂಗಮ್ಮ ಅಷ್ಟು ದಿನ ಒಳಗೆ ಕೂತಿತ್ತು? ಆ ಸೀಸೇಲಿ ಇದ್ದದ್ದು ಬರೀ ಮದ್ದು!"

ಅವಳು ನನ್ನ ಮುಖವನ್ನೇ ನೋಡಿದಳು. ನಾನು ಬಲೆ ಹಾಕಿದ್ದು ಆಗಲೇ ಅವಳಿಗೆ ತಿಳಿದದ್ದು. "ಗೊತ್ತಿಲ್ರಿ" ಅಂದಳು. "ನೀವ ಮಾಡಿ ನೋಡ್ರಿ. ನಾ ಏನೂ ಮುಟ್ಟಂಗಿಲ್ಲ. ಹೆಂಗ ಮಾಡ್ತೀನಂತ ಅಷ್ಟ ಹೇಳ್ತೀನಿ."

ಸರಿ ಅಂದೆ. ಮರುದಿನ ಬೆಳಿಗ್ಗೆ ಅವಳು ಬಾಗಿಲ ಹತ್ತಿರ ಸ್ಟೂಲ್ ಹಾಕಿಕೊಂಡು ಕೂತಳು. ನಾನು ಕೋಟು ತೊಟ್ಟು ನಿಂತೆ. ಮೊದಲು ಅಳೆಯಬೇಕಾದ್ದು ಬರೀ ಮದ್ದನ್ನೇ ಅಂತ ತೀರ್ಮಾನಿಸಿದ್ದೆ. ಅದು ಬೇಗ ಹೊರಗೆ ಬಂದರೆ ಹುಡುಗಿ ಸುಳ್ಳುಗಾತಿ, ಅಷ್ಟೇ.

ಪರೀಕ್ಷೆ ದೊಡ್ಡ ವಿದ್ಯೆಯೇನಲ್ಲ. ಸೆಲ್ಯುಲೋಸಿನ ತೆಳು ಕೊಳವೆಯ ಒಂದು ತುಂಡನ್ನು ನೀರಲ್ಲಿ ನೆನೆಸಿ, ಒಂದು ತುದಿಗೆ ಕ್ಲಿಪ್ ಹಾಕಿದರೆ ಚೀಲವಾಗುತ್ತದೆ. ಅದರಲ್ಲಿ ಮದ್ದು ತುಂಬಿ, ಇನ್ನೊಂದು ತುದಿಗೂ ಕ್ಲಿಪ್ ಹಾಕಿ, ಮೈಬಿಸಿಯಷ್ಟು ಬೆಚ್ಚಗಿನ ಉಪ್ಪುನೀರಿನ ಬೀಕರಿನಲ್ಲಿ ಇಳಿಬಿಡಬೇಕು. ಚೀಲದ ಮೈಯಲ್ಲಿರುವ ಸೂಕ್ಷ್ಮ ರಂಧ್ರಗಳಲ್ಲಿ ಮದ್ದು ತೂರಿ ಬರುತ್ತದೆ, ಕಣ ಬರುವುದಿಲ್ಲ. ಬೆಳಕಿಗೆ ಮದ್ದು ಕೆಡುತ್ತದೆ ಅಂತ ಬೀಕರಿಗೆ ಪೂರ್ತಿ ಅಲ್ಯೂಮಿನಿಯಂ ಫಾಯಿಲ್ ಸುತ್ತಿ ಅಲುಗಾಡಿಸುವ ಮಷಿನ್ನಿನ ಮೇಲೆ ಇಡುತ್ತೇವೆ. ಆಗಾಗ ಹೊರಗಿನ ನೀರನ್ನು ಒಂಚೂರು ತೆಗೆದು ಅಳೆಯುವುದು, ತೆಗೆದಷ್ಟೇ ಹೊಸ ನೀರು ಹಾಕುವುದು.

"ಇನ್ನೂ ಸ್ವಲ್ಪ ನೆನೀಲ್ರಿ. ಗಾಳಿಗುಳ್ಳಿ ತಗೀರಿ. ಕ್ಲಿಪ್ ಅಡ್ಡ ಹಾಕಬ್ಯಾಡ್ರಿ" ಅಂತ ಅವಳು ಕೂತಲ್ಲಿಂದ ಹೇಳುತ್ತಿದ್ದಳು. ನಾನು ಹೇಳಿದಂತೆ ಮಾಡುತ್ತಿದ್ದೆ, ಜೊತೆಗೆ ಅವಳ ಕೈ ಎಲ್ಲಿದೆ ಅಂತ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದೆ. ಊಟಕ್ಕೆ ಹೋಗುವಾಗ ರೂಮಿಗೆ ಬೀಗ ಹಾಕಿ ಕೀ ನನ್ನ ಬ್ಯಾಗಿಗೆ ಹಾಕಿಕೊಂಡೆ. ಅವಳು ಅದನ್ನೂ ನೋಡಿದಳು.

ಮಧ್ಯಾಹ್ನ ಅಳೆದೆ. ಮದ್ದು ಹೊರಗೆ ಬಂದದ್ದು ಅಷ್ಟಕ್ಕಷ್ಟೇ. ಅಳೆಯುವುದು ತಪ್ಪಿರಬೇಕು ಅಂತ ಮತ್ತೆ ಅಳೆದೆ, ಅಷ್ಟೇ. ಸಂಜೆಯೂ ಅಷ್ಟಕ್ಕಷ್ಟೇ. ಮರುದಿನದ ಬಿಂದು ತಂದು ಅವಳ ಗ್ರಾಫಿನ ಮೇಲೆ ಇಟ್ಟರೆ ನೆಟ್ಟಗೆ ಹೋಗಿ ಅವಳ ಗೆರೆಯ ಮೇಲೆಯೇ ಕೂತಿತು.

ನನ್ನ ಕೈಯಲ್ಲೇ, ನನ್ನ ಬೀಗದೊಳಗೇ ಅದೇ ಗೆರೆ! ಹುಡುಗಿ ಸುಳ್ಳು ಹೇಳಿಲ್ಲ. ಹಾಗಾದರೆ ಸುಳ್ಳು ಹೇಳುತ್ತಿರುವವರು ಯಾರು?

ಬೆಳಕಿಗೆ ಕೆಟ್ಟರೆ ಕೆಡಲಿ ಅಂತ ಫಾಯಿಲ್ ಪರಪರ ಹರಿದು ಹಾಕಿದೆ. ಒಳಗೆ ಚೀಲ ಕಡುಗೆಂಪಾಗಿ ಕೂತಿತ್ತು, ಸುತ್ತಲಿನ ನೀರಿಗೆ ಬಣ್ಣ ಬಂದೂ ಬಾರದ ಹಾಗೆ. ಮದ್ದು ಹೊರಗೆ ಹೋಗಲು ಒದ್ದಾಡುತ್ತಿತ್ತು, ಚೀಲ ಬಿಡುತ್ತಿರಲಿಲ್ಲ. ಇಷ್ಟು ತಿಂಗಳು ಎಲ್ಲವನ್ನೂ ಫಾಯಿಲ್ ಸುತ್ತಿ ಮುಚ್ಚಿಟ್ಟು ಬರೀ ನಂಬರು ನೋಡಿದ್ದೆವು, ಒಬ್ಬರೂ ಒಳಗೆ ಇಣುಕಿರಲಿಲ್ಲ.

"ಡಬ್ಬೀಲಿ ಇದ್ದ ಈ ಚೀಲ ಎಲ್ಲಿಂದ ಬಂತು?"

ಅವಳು ಕಿಟಕಿಯ ಕಡೆ ಕೈ ತೋರಿಸಿದಳು. ಅಲ್ಲಿ ದಾರ ಕಟ್ಟಿ, ಕ್ಲಿಪ್ ಹಾಕಿ, ಚೀಲದ ತುಂಡುಗಳನ್ನು ಸಾಲಾಗಿ ನೇತುಹಾಕಿತ್ತು. ನಮ್ಮಮ್ಮ ಹಾಲಿನ ಕವರುಗಳನ್ನು ತೊಳೆದು ಅಡುಗೆಮನೆ ಕಿಟಕಿಗೆ ಒಣಹಾಕುತ್ತಿದ್ದ ಹಾಗೆ.

"ತೊಳದು ಒಣಗಿಸಿದ್ದು ಅದಾವ್ರಿ. ಭಾಳ ತುಟ್ಟಿ ಐತಿ, ಒಗೀಬ್ಯಾಡ, ಚಲೋತ್ನಂಗ ತೊಳದು ಆರಹಾಕು ಅಂತ ಸರ್ ಹೇಳಿಕೊಟ್ಟಾರ್ರಿ. ನಾ ಬಂದಾಗಿಂದ ಹಂಗ ಮಾಡ್ತೀನಿ."

ಈ ಸೆಲ್ಯುಲೋಸ್ ಚೀಲ ಒಮ್ಮೆ ನೆನೆದ ಮೇಲೆ ಒಣಗಬಾರದು. ಒಣಗಿದರೆ ಅದರ ರಂಧ್ರಗಳು ಕುಗ್ಗಿ ಮುಚ್ಚಿಕೊಳ್ಳುತ್ತವೆ, ಮತ್ತೆ ನೆನೆಸಿದರೂ ಮೊದಲಿನ ಹಾಗೆ ತೆರೆಯುವುದಿಲ್ಲ. ನಾವು ನಮ್ಮ ಕಣಗಳ ರಂಧ್ರ ಹೊಗಳಿಕೊಂಡು ಕೂತಿದ್ದೆವು. ಅಳೆದದ್ದು ಮಾತ್ರ ಮುಚ್ಚಿಹೋದ ಚೀಲವನ್ನು.

ಆದರೂ ಅನುಮಾನ ಬಿಡಬೇಕಲ್ಲ! ಅವತ್ತೇ ಮೆಟ್ರೋ ಹತ್ತಿ ಹಲಸೂರಿನಲ್ಲಿ ಇಳಿದು, ನಮಗೆ ಸಾಮಾನು ಕೊಡುವ ಕೆಮಿಕಲ್ ಅಂಗಡಿಗೆ ಹೋದೆ. ಅಂಗಡಿಯವರು ತಮಿಳಿನವರು, ಕನ್ನಡ ಸರಾಗ.

"ಏನ್ ಮೇಡಂ, ಈ ಟ್ಯೂಬಿಂಗ್ ಆರ್ಡರ್ ನಿಮ್ ಕಡೆಯಿಂದ ಬಂದು ತುಂಬಾ ದಿವಸ ಆಯ್ತು! ಬೇರೆ ಪಾರ್ಟಿ ಹಿಡಿದುಬಿಟ್ರಾ ಅಂದ್ಕೊಂಡೆ" ಅಂದರು.

ಯಾವ ಪಾರ್ಟಿಯೂ ಇಲ್ಲ ಅಣ್ಣ, ನಾವೇ ತೊಳ್ಕೊಳ್ತಿದ್ವಿ ಅಂತ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಸೀಲ್ ಒಡೆಯದ ಒಂದು ಸುರುಳಿ ತಂದೆ.

ಮರುದಿನ ಬೆಳಿಗ್ಗೆ ಸರ್ ಟೇಬಲ್ಲಿನ ಮೇಲೆಯೇ ಎರಡು ಬೀಕರ್ ಇಟ್ಟೆ. ಒಂದರಲ್ಲಿ ದಾರದಿಂದ ತೆಗೆದ ಚೀಲ, ಇನ್ನೊಂದರಲ್ಲಿ ಹೊಸದು. ಎರಡರಲ್ಲೂ ಬರೀ ಮದ್ದು, ಖಾಲಿ ಕಣ ಬೆರೆಸಿದ್ದು. ಫಾಯಿಲ್ ಇಲ್ಲ. ಸರ್ ಮೊದಲು ಲ್ಯಾಪ್‌ಟಾಪಿನಿಂದ ಕಣ್ಣೆತ್ತಲಿಲ್ಲ. "ಟೀ ಕುಡ್ಕೊಂಡು ನೋಡ್ತಾ ಇರಿ ಸರ್" ಅಂತ ಹೇಳಿ ನಾನೂ ಎದುರಿಗೆ ಕೂತೆ.

ಟೀ ಲೋಟ ಖಾಲಿಯಾಗುವಷ್ಟರಲ್ಲಿ ಹೊಸ ಚೀಲದ ಸುತ್ತ ಗುಲಾಬಿ ಬಣ್ಣ ಎದ್ದಿತು. ಊಟದ ಡಬ್ಬಿ ತೆರೆಯುವ ಹೊತ್ತಿಗೆ ಬೀಕರಿನ ನೀರೆಲ್ಲ ಕೆಂಪು. ಹಳೇ ಚೀಲದ ನೀರು ತಣ್ಣಗೆ ತಿಳಿಯಾಗಿತ್ತು.

"ಹೊಸದು ಲೀಕ್ ಇರ್ಬೇಕು" ಅಂದರು ಸರ್.

"ಲೀಕ್ ಆಗಿದ್ರೆ ಕಣಾನೂ ಹೊರಗೆ ಬಂದು ನೀರು ಹಾಲಾಗ್ಬೇಕಿತ್ತಲ್ಲ ಸರ್? ನೋಡಿ, ನೀರು ತಿಳಿಯಾಗೇ ಇದೆ. ಬಂದಿರೋದು ಬಣ್ಣ ಮಾತ್ರ."

ಸರ್ ಬೀಕರನ್ನು ಕಿಟಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು. "ನಮ್ ಕಾಲದಲ್ಲಿ ಇದನ್ನ ಪ್ರೋಟೀನಿನಿಂದ ಉಪ್ಪು ತೆಗೆಯೋಕಷ್ಟೇ ಬಳಸ್ತಿದ್ವಿ ಕಣಮ್ಮ. ತೊಳೆದು ತೊಳೆದು ಹಾಕಿದ್ರೂ ಏನೂ ಆಗ್ತಿರಲಿಲ್ಲ" ಅಂದರು. ದನಿ ಸಣ್ಣಗಾಗಿತ್ತು. ಅವರನ್ನು ಅಷ್ಟು ಮುದುಕರಾಗಿ ನಾನು ಅದೇ ಮೊದಲು ಕಂಡದ್ದು. ಪಾಪ ಅನಿಸಿತು.

ಆಮೇಲೆ ಪ್ರಾಣಿಶಾಲೆಗೆ ಹೋಗಬೇಕಿದ್ದ ಬ್ಯಾಚನ್ನು ಹೊಸ ಚೀಲದಲ್ಲಿ ಹಾಕಿ ಅಳೆದೆವು. ಅರ್ಧಕ್ಕರ್ಧ ಮದ್ದು ಮೊದಲ ದಿನವೇ ಸುರಿದುಹೋಯಿತು, ಉಳಿದದ್ದು ಮಾತ್ರ ನಿಧಾನಕ್ಕೆ ಜಿನುಗಿತು. ಪೆಟ್ಟಿಗೆ ಹೋಗಿದ್ದರೆ ಇಲಿಗಳಿಗೆ ಹಲವು ದಿನದ ಮದ್ದಿನಲ್ಲಿ ಅರ್ಧ ಒಂದೇ ದಿನ ಏರಿ, ಒಂದೂ ಉಳಿಯುತ್ತಿರಲಿಲ್ಲವೇನೋ. ಆ ಹೊಣೆಯೂ ಅಷ್ಟರೊಳಗೆ ಮನೆಗೆ ಹೋಗಿರುತ್ತಿದ್ದ ಹುಡುಗಿಯ ತಲೆ ಮೇಲೆಯೇ ಬೀಳುತ್ತಿತ್ತು. ಅವಳ ಪರ ಮಾತಾಡಲು ಯಾರೂ ಇರುತ್ತಿರಲಿಲ್ಲ.

ಸರ್ ಪ್ರಾಣಿಶಾಲೆಗೆ ತಾವೇ ಫೋನ್ ಮಾಡಿ, ನಮ್ಮ ಅಳತೆ ತಪ್ಪು, ಕಣವನ್ನು ತಿದ್ದಿ ಮತ್ತೆ ಬರುತ್ತೇವೆ ಅಂದರು. ದಾರವನ್ನು ತಾವೇ ಬಿಚ್ಚಿ, ಚೀಲಗಳನ್ನೆಲ್ಲ ಕಸದ ಬುಟ್ಟಿಗೆ ಹಾಕಿದರು. ಆಮೇಲೆ ನನ್ನನ್ನು ಕರೆದು, "ಆ ಹುಡುಗಿಗೆ ಹೇಳ್ಬಿಡಮ್ಮ, ಏನೂ ಯೋಚನೆ ಮಾಡೋದು ಬೇಡ ಅಂತ" ಅಂದರು.

"ನೀವೇ ಹೇಳಿ ಸರ್" ಅಂದೆ.

ಹೇಳಿದರು. ಅವಳ ಟೇಬಲ್ ತನಕ ಹೋಗಿ, ನಿಂತುಕೊಂಡೇ, "ನಿನ್ ತಪ್ಪಿಲ್ಲಮ್ಮ. ನಾನು ಹೇಳ್ಕೊಟ್ಟಿದ್ದೇ ತಪ್ಪು. ನೌಕರಿ ಕಾಯಂ ಅಂತ ಈ ವಾರಾನೇ ಬರೆದುಕೊಡ್ತೀನಿ" ಅಂದರು. ಅವಳು "ಆಯ್ತ್ರಿ ಸರ್" ಅಂದಳು. ಆಮೇಲೆ ನನ್ನ ಸರದಿ ಬಂತು. "ಸೀಸೆ ವಿಷಯ ಮನಸ್ಸಲ್ಲಿ ಇಟ್ಕೋಬೇಡ" ಅಂದೆ. ಅದಕ್ಕೂ "ಆಯ್ತ್ರಿ ಮೇಡಂ" ಅಂದಳು.

ಕೆಲಸ ಮತ್ತೆ ಶುರುವಾಯಿತು. ಮೊದಲ ದಿನದ ಆ ಸುರಿತ ತಡೆಯಲು ಬೈಕಾರ್ಬೊನೇಟ್ ಕಮ್ಮಿ ಮಾಡಿ ರಂಧ್ರ ಸಣ್ಣದು ಮಾಡಬೇಕಿತ್ತು, ಕಣ ತೊಳೆಯುವ ಸುತ್ತು ಹೆಚ್ಚಿಸಬೇಕಿತ್ತು. ಹೊಸ ಬ್ಯಾಚಿನ ಮೊದಲ ಸ್ಯಾಂಪಲ್ ತೆಗೆಯುವ ಬೆಳಿಗ್ಗೆ ಹುಡುಗಿ ನನ್ನ ಬಾಗಿಲಿಗೆ ಬಂದು ನಿಂತಳು.

"ಮೇಡಂ, ಸ್ಯಾಂಪಲ್ ತಗೀತೀನ್ರಿ. ಸ್ವಲ್ಪ ಬರ್ರಿ."

ಏನಾದರೂ ಎಡವಟ್ಟಾಯಿತೇನೋ ಅಂತ ಎದ್ದು ಹೋದೆ. ಏನೂ ಆಗಿರಲಿಲ್ಲ. ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಪಿಪೆಟ್ಟಿನಲ್ಲಿ ನೀರು ತೆಗೆದಳು, ನೀರು ಯಾವ ಗೆರೆಗೆ ನಿಂತಿದೆ ಅಂತ ನನಗೆ ತೋರಿಸಿದಳು, ಹೊಸ ನೀರು ಹಾಕಿದಳು, ಮಷಿನ್ನಿನಲ್ಲಿ ಬಂದ ನಂಬರನ್ನು ಜೋರಾಗಿ ಓದಿ ಬರೆದಳು. "ಆಯ್ತ್ರಿ, ಹೋಗ್ರಿ" ಅಂದಳು. ಮಧ್ಯಾಹ್ನ ಮತ್ತೆ ಬಂದಳು. ಸಂಜೆ ಮತ್ತೆ. ಮರುದಿನವೂ ಅದೇ.

ಕೊನೆಗೆ ನನಗೆ ತಡೆಯಲಾಗಲಿಲ್ಲ. "ಇದೆಲ್ಲ ಬೇಡ ಕಣಮ್ಮ, ನಿನ್ನ ಮೇಲೆ ನನಗೆ ಪೂರ್ತಿ ನಂಬಿಕೆ ಇದೆ" ಅಂದೆ.

ಅವಳು ಪಿಪೆಟ್ ಹಿಡಿದ ಕೈ ಹಾಗೇ ಬಿಟ್ಟು ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ.

"ನಿಮಗ ಬ್ಯಾಡಂತ ಗೊತ್ತೈತ್ರಿ ಮೇಡಂ" ಅಂದಳು. "ನನಗ ಬೇಕ್ರಿ. ನಿಂದರ್ರಿ."

ನಿಂತೆ.